ಅಮ್ಮಿ ಬಾಗಿಲ ಕಡೆ ತಿರುಗಿ ಹೇಳಿದ್ದು

ಮಂಡಿಪೇಟೆ, ತುಮಕೂರು
೨೪ ಫೆಬ್ರವರಿ ೨೦೨೫

ಆಪಾ,

ಅಸ್ಸಲಾಮು ಅಲೈಕುಮ್.

ನೀನು ಫೋನ್ ಎತ್ತುವುದಿಲ್ಲ. ಶಾಬಾಜ್ ಭಾವನನ್ನು ಕೇಳಿದರೆ, "ನಿಮ್ಮಕ್ಕ ಯಾರ ಫೋನೂ ಎತ್ತಲ್ಲ ಕಣೋ. ಗಂಡ ನಾನು, ನನ್ನ ಫೋನೇ ಎತ್ತಲ್ಲ. ಏನಾದ್ರೂ ಇದ್ರೆ ಕಾಲೇಜ್ ಅಡ್ರೆಸ್ಸಿಗೆ ಕಾಗದ ಬರಿ" ಅಂದರು. ತಮಾಷೆಗೆ ಅಂದರೋ ಏನೋ, ನಾನು ನಿಜವಾಗಿಯೂ ಬರೆಯಲು ಕೂತಿದ್ದೇನೆ. ಮನೆಯಲ್ಲಿ ಆಡುವ ಉರ್ದು ನಮ್ಮಿಬ್ಬರಿಗೂ ಬರೆಯಲು ಬಾರದು. ಸ್ಕೂಲಿನ ಕನ್ನಡವೇ ಗತಿ.

ಮೊನ್ನೆ ಅಮ್ಮಿಯ ನಲವತ್ತನೇ ದಿನದ ಫಾತಿಹಾ ಮುಗಿದ ಕೂಡಲೇ ನೀನು ಊಟ ಮಾಡದೆ ಕುಣಿಗಲ್ ಬಸ್ಸು ಹತ್ತಿದೆ. ಅಬ್ಬಾ ಬಾಗಿಲಲ್ಲೇ ನಿಂತಿದ್ದರು. ಅಮ್ಮಿಯ ಕೊನೇ ಗಳಿಗೆಯಲ್ಲಿ ನಾನಿದ್ದೆ, ನೀನಿರಲಿಲ್ಲ ಎನ್ನುವ ಸಂಕಟ ನಿನ್ನದು. ಅದು ನನಗೆ ಅರ್ಥವಾಗುತ್ತದೆ, ಅದಕ್ಕೇ ಏನೂ ಕೇಳಲಿಲ್ಲ.

ಬರೆಯುತ್ತಿರುವ ಕಾರಣ ಬೇರೆ. ಒಂದು ತಿಂಗಳಿಂದ ದಿನಾ ಬೆಳಗಿನ ಜಾವ ಎಚ್ಚರವಾದಾಗ, ಅಮ್ಮಿ ಈಗ ತಾನೇ ಎದ್ದು ಆಚೆ ಹೋದಳೇನೋ ಅನ್ನಿಸುತ್ತದೆ. ಕನಸಿನಲ್ಲಿ ಬಂದಿದ್ದಳು, ಏನೋ ಹೇಳಿದಳು. ಅಷ್ಟು ಮಾತ್ರ ಖಾತ್ರಿ. ಹೇಳಿದ್ದೇನು ಅಂತ ನೆನೆಸಿಕೊಳ್ಳಲು ಹೊರಟರೆ ಎಲ್ಲ ಅಳಿಸಿಹೋಗಿರುತ್ತದೆ. ಮಾತಿನ ಉದ್ದ ಗೊತ್ತು, ಮಾತು ಗೊತ್ತಿಲ್ಲ. ಎರಡು ಸಣ್ಣ ವಾಕ್ಯ. ನಿನ್ನೆ ಅಂಗಡಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದಾಗ ಅದರ ಏರಿಳಿತ ಕಿವಿಗೆ ಬಂದಂತಾಗಿ ದಬ್ಬಳ ಕೈಗೇ ಚುಚ್ಚಿಕೊಂಡೆ.

ನಿಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುವ ದಾಕ್ಷಾಯಣಿ ಮೇಡಂ ಇದ್ದಾರಲ್ಲ, ಅವರನ್ನು ಒಂದು ಮಾತು ಕೇಳು. ಕಂಡ ಕನಸನ್ನು ಎದ್ದ ಮೇಲೂ ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯಾ?

ಅವಳು ಕಾಯಿಲೆ ಬಿದ್ದ ಮೂರು ತಿಂಗಳು ಮಲಗಿದ ಹಾಗೆ, ನಾನಿನ್ನೂ ಅಮ್ಮಿಯ ಕೋಣೆಯಲ್ಲೇ, ಅವಳ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತೇನೆ. ಮಹೀನ್‌ಗೆ ಇದು ಸರಿಬರುತ್ತಿಲ್ಲ. "ಗಂಡ ರೂಮಿಗೇ ಬರ್ತಿಲ್ಲ ಅಂತ ನಮ್ಮ ಅಮ್ಮಂಗೆ ಹೇಳ್ತೀನಿ ನೋಡಿ" ಅಂತಾಳೆ. ಹೇಳಲಿ.

ನಿನ್ನ ತಾರಿಖ್


ಕುಣಿಗಲ್
೧ ಮಾರ್ಚ್ ೨೦೨೫

ತಾರಿಖ್,

ನಿನ್ನ ಕಾಗದ ಕಾಲೇಜಿನ ಲೈಬ್ರರಿಗೆ, ನನ್ನ ಟೇಬಲ್ಲಿಗೇ ಬಂತು.

ದಾಕ್ಷಾಯಣಿ ಮೇಡಂ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿಮ್ ತಮ್ಮಂಗೆ ಹೇಳಿ ಅರ್ಶಿಯಾ, ಎಚ್ಚರ ಆದ ತಕ್ಷಣ ಅಲ್ಲಾಡ್ಬಾರ್ದು. ಕಣ್ಣೂ ಬಿಡ್ಬಾರ್ದು. ಹೆಂಗ್ ಮಲಗಿದ್ರೋ ಹಂಗೇ ಇರ್ಬೇಕು. ಮಗ್ಗಲು ಬದಲಾಯ್ಸಿದ್ರೆ ಕನಸು ಜಾರ್ಕೊಂಡೋಗುತ್ತೆ. ದಿಂಬಿನ ಕೆಳಗೆ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಕೊಳ್ಳಿ. ಮೊಬೈಲಲ್ಲಿ ಬರಿಯೋದು ಬೇಡ, ಆ ಬೆಳಕಿಗೇ ಅರ್ಧ ಹೋಗ್ಬಿಡುತ್ತೆ. ಏನೂ ನೆನಪಾಗ್ಲಿಲ್ವಾ, ಎದ್ದಾಗ ಮನಸ್ಸಿಗೆ ಹೆಂಗಿತ್ತು ಅನ್ನೋದನ್ನಾದ್ರೂ ಬರೀಲಿ. ಭಯ, ಸಂಕಟ, ನಾಚಿಕೆ, ಏನೋ ಒಂದು. ಅದನ್ನೇ ಹಿಡ್ಕೊಂಡು ಎಳೆದ್ರೆ ಮಿಕ್ಕಿದ್ದು ಬರುತ್ತೆ."

ಮಲಗುವ ಮುಂಚೆ 'ನಾಳೆ ನೆನಪಿಟ್ಟುಕೊಳ್ಳುತ್ತೇನೆ' ಎಂದು ಮನಸ್ಸಿನಲ್ಲೇ ಮೂರು ಸಲ ಅಂದುಕೊಳ್ಳಬೇಕಂತೆ. ಎರಡು ಮೂರು ವಾರ ಬಿಡದೆ ಮಾಡಬೇಕಂತೆ.

ನನ್ನದು ಒಂದು ಪ್ರಶ್ನೆ. ಅಮ್ಮಿ ಹೋದದ್ದು ಎಷ್ಟು ಗಂಟೆಗೆ? ಅವತ್ತು ಜನರ ಮಧ್ಯೆ ನೀನು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಏನೇನಾಯಿತು, ಎಲ್ಲವನ್ನೂ ಬರೆ.

ಅರ್ಶಿಯಾ


ತುಮಕೂರು
೧೨ ಮಾರ್ಚ್ ೨೦೨೫

ಆಪಾ,

ನೀನು ಬರೆದದ್ದು ನೋಡಿ ಖುಷಿಯಾಯಿತು. ಆದರೆ ರಮ್‌ಜಾನ್‌ನಲ್ಲಿ ಈ ಕೆಲಸ ಕಷ್ಟ. ಸಹರಿ ಊಟಕ್ಕೆ ನಾಲ್ಕೂಕಾಲಿಗೇ ಮಹೀನ್ ಬಾಗಿಲು ಬಡಿಯುತ್ತಾಳೆ, ಬೆಚ್ಚಿ ಎದ್ದು ಕೂರುತ್ತೇನೆ. ಅಲ್ಲಾಡಬಾರದು ಅನ್ನುವುದು ಅಲ್ಲಿಗೇ ಮುಗಿಯಿತು. ನೋಟ್‌ಬುಕ್ಕಿನ ಹತ್ತು ಪುಟದಲ್ಲಿ ಒಂದೊಂದೇ ಪದ ಇದೆ. ಎಂಟು ಸಲ 'ನಾಚಿಕೆ' ಅಂತ ಬರೆದಿದ್ದೇನೆ. ಯಾಕೋ ಗೊತ್ತಿಲ್ಲ.

ನೀನು ಕೇಳಿದ್ದಕ್ಕೆ: ನಾಲ್ಕೂ ಮುಕ್ಕಾಲು. ಉಸಿರು ಜೋರಾಯಿತು ಅಂತ ನಾನು ಎದ್ದು ಕೂತೆ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಮೆಕ್ಕಾದಿಂದ ಬಂದ ಬಾಟಲಿಯಲ್ಲಿದ್ದ ಜಮ್‌ಜಮ್ ನೀರನ್ನು ಚಮಚದಲ್ಲಿ ಮೂರು ಸಲ ಕೊಟ್ಟೆ. ನಾನು ಕೊನೇ ಹೊತ್ತಿನ ಕಲಿಮಾ ಹೇಳಿದೆ, ಅಮ್ಮಿಯ ತುಟಿಯೂ ಅದನ್ನೇ ಹೇಳಿತು. ಪೂರ್ತಿ ಹೇಳಿದಳು. ಆಮೇಲೆ ನಿದ್ದೆ ಹೋದ ಹಾಗೆ ಹೋದಳು. ಏನೂ ಒದ್ದಾಡಲಿಲ್ಲ ಆಪಾ, ನೀನು ಸಮಾಧಾನ ಮಾಡಿಕೊ.

ಅಬ್ಬಾ ಇದನ್ನು ಹೇಳದ ಮನೆ ಉಳಿದಿಲ್ಲ. ಮಸೀದಿಯ ಮೆಟ್ಟಿಲ ಮೇಲೆ ಕೂತು, "ಈ ಗುಲಾಮ್ ನಬಿ ಹೆಂಡ್ತಿ ಹಜರಾ ಬೀಗೆ ಸಿಕ್ಕಂಥ ಸಾವು ಯಾರಿಗ್ ಸಿಗುತ್ತೆ ಹೇಳಿ. ಮಗನ ತೊಡೆ ಮೇಲೆ, ಕಲಿಮಾ ಹೇಳ್ಕೊಂಡು" ಅಂತಾರೆ. ನಲವತ್ತು ವರ್ಷದಲ್ಲಿ ಅಬ್ಬಾ ಅಮ್ಮಿಯ ಬಗ್ಗೆ ಇಷ್ಟು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ತಾರಿಖ್


ಕುಣಿಗಲ್
೨೦ ಮಾರ್ಚ್ ೨೦೨೫

ತಾರಿಖ್,

ನಾಲ್ಕೂ ಮುಕ್ಕಾಲು ಅಂದೆ. ನನಗೆ ನೀನು ಫೋನ್ ಮಾಡಿದ್ದು ಆರೂವರೆಗೆ. ಮಧ್ಯದ ಒಂದೂ ಮುಕ್ಕಾಲು ಗಂಟೆ ಏನು ಮಾಡುತ್ತಿದ್ದೆ? ಪಕ್ಕದ ಕೋಣೆಯಲ್ಲಿದ್ದ ಅಬ್ಬಾನನ್ನಾದರೂ ಎಬ್ಬಿಸಿದ್ದೆಯಾ?

ಮೇಡಂ ಇನ್ನೊಂದು ಹೇಳಿದರು. ಕನಸನ್ನು ಮೊದಲಿನಿಂದ ಹಿಡಿಯಲು ಹೋಗಬಾರದಂತೆ. ಬಾಲದಿಂದ ಹಿಡಿಯಬೇಕು. ಕೊನೆಗೆ ಕಂಡದ್ದು ಯಾವುದು, ಅದಕ್ಕೆ ಮುಂಚೆ ಯಾವುದು, ಅದಕ್ಕೂ ಮುಂಚೆ? ಹಾಗೆ ಹಿಂದಕ್ಕೆ ನಡೆಯಬೇಕು. ಈದ್ ಕಳೆದ ಮೇಲೆ, ಯಾರೂ ಎಬ್ಬಿಸದೆ ತಾನಾಗಿ ಎಚ್ಚರವಾಗುವ ಹಾಗೆ ನೋಡಿಕೊ.

ಇಲ್ಲಿ ನಾನು ಐದಕ್ಕೇ ಎದ್ದು ಕೂತಿರುತ್ತೇನೆ. ಕುದುರೆ ಫಾರಂ ಕಡೆಯಿಂದ ಕುದುರೆಗಳ ಸದ್ದು ಬರುತ್ತದೆ. ನನಗೆ ಕನಸೇ ಬೀಳುವುದಿಲ್ಲ.

ಅರ್ಶಿಯಾ


ತುಮಕೂರು
೧೪ ಏಪ್ರಿಲ್ ೨೦೨೫

ಆಪಾ,

ಬೇಗ ಫೋನ್ ಮಾಡಲಿಲ್ಲ ಅಂತ ನಿನಗೆ ಸಿಟ್ಟು. ತಪ್ಪಾಯಿತು. ಆ ಹೊತ್ತಿನಲ್ಲಿ ನಿನ್ನನ್ನು ಗಾಬರಿ ಮಾಡುವುದು ಬೇಡ ಅನ್ನಿಸಿ ಸುಮ್ಮನೆ ಕೂತು ಓದುತ್ತಿದ್ದೆ. ಅದನ್ನೇ ಹಿಡಿದುಕೊಳ್ಳಬೇಡ.

ದೊಡ್ಡ ಸುದ್ದಿ ಎಂದರೆ ಬಾಲ ಸಿಕ್ಕಿದೆ. ಈದ್ ಆದ ಐದನೇ ದಿನ ತಾನಾಗಿ ಎಚ್ಚರವಾಯಿತು. ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದೆ. ಕೊನೆಗೆ ಕಂಡದ್ದು ಅಮ್ಮಿಯ ಬೆನ್ನು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ. ಜಡೆ ಬಿಚ್ಚಿದೆ. ಕೆನ್ನೆಯ ಪಕ್ಕಕ್ಕೆ ಮಾತ್ರ ಒಂಥರಾ ನೀಲಿ ಬೆಳಕು. ಎಲ್ಲಿಂದ ಬರುತ್ತಿದೆ ತಿಳಿಯುವುದಿಲ್ಲ. ಮತ್ತೆ ನಾಲ್ಕು ದಿನ ಅಷ್ಟೇ ಬಂತು. ಮೊನ್ನೆ ಮಾತು ಬಂತು. "ನೀರು ಕೊಡೋ ತಾರಿಖ್, ನೀರು ಕೊಡೋ." ಎರಡು ವಾಕ್ಯ. ಅಂದುಕೊಂಡಷ್ಟೇ ಉದ್ದ.

ಎದ್ದು ಒಂದು ಚೊಂಬು ನೀರು ತಂದು ಮಂಚದ ಪಕ್ಕ ಇಟ್ಟೆ. ಮಹೀನ್ ನೋಡಿ ಬಾಗಿಲು ಎಳೆದುಕೊಂಡು ಹೋದಳು.

ಇನ್ನೊಂದು ವಿಷಯ. ಸಂತೆ ದಿನ ಗುಬ್ಬಿಗೆ ಹೋಗಿದ್ದೆ. ತೆಂಗಿನಕಾಯಿ ಮಂಡಿಯ ಕರಿಸಿದ್ದಪ್ಪಜ್ಜ ನೆನಪಿದ್ದಾರಾ? ಅಬ್ಬಾನ ಹಳೇ ಸ್ನೇಹಿತರು, ನಮಗೆ ಎಳನೀರು ಕೊಡುತ್ತಿದ್ದವರು. ಹಾಸಿಗೆ ಹಿಡಿದಿದ್ದಾರೆ. ಬೆನ್ನು ಹುಣ್ಣಾಗಿದೆ, ಮೆತ್ತಗಿನ ಹಾಸಿಗೆ ಬೇಕು ಅಂತ ಅಳತೆಗೆ ಕರೆಸಿದರು. ಸೊಸೆ ಆಚೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮಪ್ಪ ಎಲ್ಲಾ ಹೇಳ್ದ ಕಣ್ಲಾ. ನಿಮ್ಮವ್ವಂಗೆ ಬಂದಂಗೆ ನಂಗೂ ಬರ್ಲಿ. ನನ್ ಟೈಮಿಗೆ ನೀನು ಬಂದು ಪಕ್ಕದಲ್ಲಿ ಕೂತ್ಕೊ. ನಿನ್ ಕೈ ಒಳ್ಳೇದು. ನಿಮ್ ಮಂತ್ರ ನೀನ್ ಹೇಳು, ನಾನು ಶಿವಾ ಅಂತೀನಿ" ಅಂದರು. ಹೂಂ ಅನ್ನದೆ ಕೈ ಬಿಡಲಿಲ್ಲ. ಹೂಂ ಅಂದು ಬಂದೆ.

ತಾರಿಖ್


ಕುಣಿಗಲ್
೨೨ ಏಪ್ರಿಲ್ ೨೦೨೫

ತಾರಿಖ್,

ಅಮ್ಮಿ ನಮ್ಮ ಜೊತೆ ಯಾವತ್ತು ಕನ್ನಡ ಮಾತಾಡಿದ್ದಳು? ತರಕಾರಿಯವಳ ಹತ್ತಿರ, ಡಾಕ್ಟರ ಹತ್ತಿರ ಮಾತ್ರ. 'ನೀರು ಕೊಡೋ' ಅಮ್ಮಿಯ ಮಾತಲ್ಲ. ಅದು ನಿನ್ನ ಹೆದರಿಕೆಯ ಮಾತು.

ಮೇಡಂ ಹತ್ತಿರ ಕೇಳಿದೆ. "ಕರೆಕ್ಟಾಗಿ ಹಿಡಿದ್ರಿ ನೀವು" ಅಂದರು. "ಎದ್ದ ಮೇಲೆ ಮನಸ್ಸು ಸುಮ್ನಿರಲ್ಲ, ಖಾಲಿ ಬಿಟ್ಟಿರೋ ಜಾಗಕ್ಕೆಲ್ಲ ತನಗೆ ತೋಚಿದ್ದು ತುಂಬುತ್ತೆ. ಗೊತ್ತಿಲ್ದೆ ಇರೋ ಕಡೆ ಗೆರೆ ಎಳೆದು ಬಿಟ್ಬಿಡ್ಬೇಕು. ಎಡಕ್ಕೆ ಮಲಗಿದ್ದಾಗ ಕಂಡ ಕನಸು ಬಲಕ್ಕೆ ಮಲಗಿದ್ರೆ ಸಿಗಲ್ಲ ಒಂದೊಂದ್ಸಲ. ಅವ್ರು ನಿಧಾನವಾಗಿ ಇನ್ನೊಂದು ಮಗ್ಗಲಿಗೆ ತಿರುಗಿ ನೋಡ್ಲಿ."

ಚೊಂಬು ತೆಗೆದಿಡು. ಮಾತಿನ ಜಾಗದಲ್ಲಿ ಗೆರೆ ಎಳೆ. ಕಾದು ನೋಡು.

ಗುಬ್ಬಿಗೆ ಮಾತ್ರ ಹೋಗಬೇಡ. ಸಾಯುವವರ ಮುಂದೆ ಕೂರುವ ಯೋಗ್ಯತೆ ಇದೆ ಅಂತ ನಿನಗೆ ನಿಜವಾಗಿಯೂ ಅನ್ನಿಸಿದರೆ ಹೋಗು.

ಅರ್ಶಿಯಾ


ಕುಣಿಗಲ್
೨ ಜೂನ್ ೨೦೨೫

ತಾರಿಖ್,

ನಲವತ್ತು ದಿನವಾಯಿತು, ನಿನ್ನ ಕಾಗದವಿಲ್ಲ. ಕೊನೆಯ ಸಾಲನ್ನು ನಾನು ಬರೆಯಬಾರದಿತ್ತು. ಚೆನ್ನಾಗಿದ್ದೇನೆ ಅಂತ ಒಂದು ಸಾಲು ಹಾಕು, ಸಾಕು. ಕನಸಿನ ವಿಷಯ ಬೇಡ.

ಅರ್ಶಿಯಾ


ತುಮಕೂರು
೯ ಜೂನ್ ೨೦೨೫

ಆಪಾ,

ನೀನು ಆ ಸಾಲು ಬರೆದದ್ದು ಸರಿಯಾಗಿಯೇ ಇತ್ತು. ಅದನ್ನು ಓದಿದ ದಿನದಿಂದ ನಿನಗೆ ಎಷ್ಟು ಕಾಗದ ಬರೆದು ಹರಿದೆನೋ ಲೆಕ್ಕವಿಲ್ಲ. ಇದನ್ನು ಹರಿಯುವುದಿಲ್ಲ.

ನಾನು ಮಲಗಿದ್ದೆ.

ತೊಡೆಯಿಲ್ಲ, ಚಮಚವಿಲ್ಲ, ಕಲಿಮಾ ಇಲ್ಲ. ಎಚ್ಚರವಾದಾಗ ಆರೂ ಇಪ್ಪತ್ತು, ಕಿಟಕಿಯಲ್ಲಿ ಬೆಳಕಿತ್ತು. ಅಮ್ಮಿ ಮಂಚದ ಅಂಚಿಗೆ ಬಂದು ಒಂದು ಮಗ್ಗಲಿಗೆ ವಾಲಿದ್ದಳು. ಒಂದು ಕೈ ಕೆಳಗೆ, ನನ್ನ ಕಡೆಗೆ ಇಳಿಬಿದ್ದಿತ್ತು. ಮುಟ್ಟಿದೆ. ತಣ್ಣಗಿತ್ತು. ಆ ಕೈ ಎಷ್ಟು ಹೊತ್ತಿನಿಂದ ನನ್ನ ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗಾಡುತ್ತಿತ್ತೋ ನನಗೆ ಗೊತ್ತಿಲ್ಲ.

ಅಬ್ಬಾ ಬಾಗಿಲಿಗೆ ಬಂದು ನಿಂತರು. ನೋಡಿದ ಕೂಡಲೇ ಅವರಿಗೆ ತಿಳಿಯಿತು. ಅವರು ಕೇಳಿದ್ದು ಒಂದೇ: "ಕಲಿಮಾ ಹೇಳಿದ್ಲಾ?" ಅವರ ಮುಖ ನೋಡಿ ಹೇಳಿದಳು ಅಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಜನ ಬಂದ ಹಾಗೆಲ್ಲ ಒಂದೊಂದು ಸೇರಿಸುತ್ತಾ ಹೋದೆ. ನೀರು ಒಬ್ಬರಿಗೆ, ತೊಡೆ ಇನ್ನೊಬ್ಬರಿಗೆ. ನಿನಗೆ ಎಲ್ಲವನ್ನೂ ಒಟ್ಟಿಗೆ ಬರೆದು ಕಳಿಸಿದೆ.

ಕರಿಸಿದ್ದಪ್ಪಜ್ಜನ ಮನೆಯಿಂದ ಮೇ ಇಪ್ಪತ್ತೇಳಕ್ಕೆ ಫೋನ್ ಬಂತು. ನೀನು ಬೇಡ ಅಂದಿದ್ದೆ, ಆದರೂ ಹೋದೆ. ಅವರಿಗೆ ಪ್ರಜ್ಞೆ ಇತ್ತು. ಕೋಣೆಯಲ್ಲಿ ಇಬ್ಬರೇ ಉಳಿದಾಗ ನಾನು ಹೇಳಿಬಿಟ್ಟೆ.

"ಅಜ್ಜಾ, ನಾನು ನಮ್ಮಮ್ಮಿ ಹತ್ರ ಕೂತಿರ್ಲಿಲ್ಲ. ನಿದ್ದೆ ಮಾಡ್ತಿದ್ದೆ. ಎಲ್ಲಾ ಸುಳ್ಳು."

ಅವರು ನನ್ನ ಕಡೆ ಮುಖ ಹೊರಳಿಸಿದರು. ಆಮೇಲೆ, "ಮೂರ್ ತಿಂಗ್ಳು ನಿದ್ದೆಗೆಟ್ಟೋನು ಒಂದಿನ ಮಲಗ್ಬಿಟ್ಟೆ, ಅದ್ರಾಗೇನ್ಲಾ ತಪ್ಪು? ಸುಳ್ಳು ಯಾಕ್ ಹೇಳ್ದೆ, ಅದ್ ಹೇಳು."

"ಅಬ್ಬಾ ಬಾಗಿಲಲ್ಲಿ ನಿಂತಿದ್ರು."

"ಹೂಂ." ಸ್ವಲ್ಪ ಉಸಿರು ತೆಗೆದುಕೊಂಡು, "ಬುಡು. ಈಗ ಎಚ್ಚರ ಇದೀಯಲ್ಲ, ಕೂತ್ಕೊ" ಅಂದರು.

ಕೂತೆ. ಮಾರನೇ ದಿನ ಮಧ್ಯಾಹ್ನ ಹೋದರು. ಸಾವು ನಾನು ಹೇಳಿಕೊಂಡು ತಿರುಗಿದ ಹಾಗೆ ಇರುವುದಿಲ್ಲ ಆಪಾ. ಶಿವಾ ಅನ್ನಲು ಅವರಿಗೆ ಆಗಲಿಲ್ಲ. ನನ್ನ ಅಂಗಿಯನ್ನು ಹಿಡಿದುಕೊಂಡು ಏನನ್ನೋ ಹುಡುಕುವವರ ಹಾಗೆ ನೋಡಿದರು. ಆಮೇಲೆ ಹಿಡಿತ ಬಿಟ್ಟಿತು. ಪಕ್ಕದಲ್ಲಿ ಕೂತವನು ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ನಾನು ಅಲ್ಲಿದ್ದೆ.

ಅವತ್ತು ಮನೆಗೆ ಬಂದು ಮಲಗಿದವನಿಗೆ ಬೆಳಗಿನ ಜಾವ ಎಚ್ಚರವಾಯಿತು. ಮುಖ ಗೋಡೆಯ ಕಡೆಗಿತ್ತು. ಬೆನ್ನು ಮಾತ್ರ ಸಿಕ್ಕಿತು. ಮೇಡಂ ಹೇಳಿದ ಹಾಗೆ ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ಮಂಚದ ಕಡೆಗೆ ತಿರುಗಿದೆ. ಎಲ್ಲವೂ ಬಂತು.

ಅಮ್ಮಿ ಕೂತಿದ್ದಾಳೆ. ನೀಲಿ ಬೆಳಕು ಅವಳ ಕೈಯಿಂದ ಬರುತ್ತಿದೆ. ಅದನ್ನು ಕಿವಿಗೆ ಇಟ್ಟುಕೊಳ್ಳುತ್ತಾಳೆ, ತೆಗೆಯುತ್ತಾಳೆ, ಬೆಳಕು ಆರುತ್ತದೆ. ತಿರುಗಿ ನನ್ನನ್ನು ನೋಡುತ್ತಾಳೆ. ನನ್ನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದು. ಆಮೇಲೆ ಬಾಗಿಲ ಕಡೆ ಮುಖ ಮಾಡುತ್ತಾಳೆ. ನಮ್ಮ ಮಾತಿನಲ್ಲೇ, ಮೆತ್ತಗೆ, ಮನೆಗೆ ಬಂದವರಿಗೆ ಹೇಳುವ ದನಿಯಲ್ಲಿ ಹೇಳುತ್ತಾಳೆ:

"ಸೋನೆ ದೋ. ದೋನೋ ಬಚ್ಚೋಂಕು ಸೋನೆ ದೋ."

ಮಲಗಲು ಬಿಡಿ. ಎರಡೂ ಮಕ್ಕಳನ್ನು ಮಲಗಲು ಬಿಡಿ.

ಹನ್ನೊಂದು ದಿನದಿಂದ ಒಂದಕ್ಷರ ಬದಲಾಗದೆ ಇದೇ ಬರುತ್ತಿದೆ. ನನಗೆ ಹೇಳಿದ್ದಲ್ಲ ಅದು. ಬಾಗಿಲಲ್ಲಿ ಯಾರೋ ಇದ್ದರು, ಅವರಿಗೆ ಹೇಳಿದಳು. ಎಷ್ಟೇ ಪ್ರಯತ್ನಪಟ್ಟರೂ ನನ್ನ ಕಣ್ಣು ಅಷ್ಟು ದೂರ ಹೋಗುವುದಿಲ್ಲ. ಮತ್ತೆ, ಮಕ್ಕಳು ಎರಡು ಯಾಕೆ? ಕೋಣೆಯಲ್ಲಿ ಇದ್ದವನು ನಾನೊಬ್ಬನೇ.

ತಾರಿಖ್


ಕುಣಿಗಲ್
೧೩ ಜೂನ್ ೨೦೨೫

ತಾರಿಖ್,

ನಿನ್ನ ಕಾಗದ ಓದಿ ಲೈಬ್ರರಿಯ ಬಾಗಿಲು ಹಾಕಿಕೊಂಡು ಕೂತೆ. ಮೇಡಂ ಬಂದು ತಟ್ಟಿದರೂ ತೆಗೆಯಲಿಲ್ಲ.

ನೀನು ಸುಳ್ಳು ಹೇಳುತ್ತಿದ್ದೀಯ ಅಂತ ನನಗೆ ಅವತ್ತೇ ಗೊತ್ತಿತ್ತು. ಅಮ್ಮಿ ನಾಲ್ಕೂ ಮುಕ್ಕಾಲಿಗೆ ಹೋಗಿರಲಿಲ್ಲ. ಐದೂ ಹದಿನಾಲ್ಕಕ್ಕೆ ನನ್ನ ಜೊತೆ ಫೋನಿನಲ್ಲಿದ್ದಳು.

ಮದುವೆಯಾಗಿ ಬಂದ ದಿನದಿಂದ ಹನ್ನೊಂದು ವರ್ಷ, ದಿನಾ ಅಜಾನ್‌ಗೆ ಮುಂಚೆ ಅಮ್ಮಿ ನನಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ನಾನು ನಮಾಜಿಗೆ ಏಳಲಿ ಅಂತ. ಒಂದು ಸಲ ಬಡಿದುಕೊಂಡರೆ ಸಾಕು, ಇಡುತ್ತಿದ್ದಳು. ಅವತ್ತು ಐದೂ ಹನ್ನೆರಡಕ್ಕೆ ಬಂತು. ನಾನು ಏಳಲಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಬಂತು, ನಿಲ್ಲಲೇ ಇಲ್ಲ. ಹಿಂದಿನ ದಿನ ಕಾಲೇಜಿನಲ್ಲಿ ಇನ್‌ಸ್ಪೆಕ್ಷನ್ ಇತ್ತು, ಮೈಯೆಲ್ಲ ನೋವು. ಎತ್ತಿದೆ. ಅಮ್ಮಿ ಮಾತಾಡಲಿಲ್ಲ. ಉಸಿರು ಮಾತ್ರ ಕೇಳಿಸಿತು. ನಾನು, "ಅಮ್ಮೀ, ಸೋನೆ ದೋ" ಅಂತ ರೇಗಿ ಇಟ್ಟುಬಿಟ್ಟೆ.

ಇದನ್ನು ಶಾಬಾಜ್‌ಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಆ ಎರಡು ಪದ ಈ ಭೂಮಿಯ ಮೇಲೆ ಗೊತ್ತಿದ್ದದ್ದು ನನಗೆ, ಅಮ್ಮಿಗೆ.

ನೀನು ನನ್ನನ್ನು 'ಮಕ್ಕಳು ಎರಡು ಯಾಕೆ' ಅಂತ ಕೇಳಿದ್ದೀಯ.

ಫೋನ್ ಎತ್ತದಿರುವುದು ಅದಕ್ಕೇ. ನಿನ್ನನ್ನು ಎಷ್ಟು ಗಂಟೆ, ಏನೇನಾಯಿತು ಅಂತ ಕೆದಕಿದೆನಲ್ಲ, ನಿನ್ನ ತಪ್ಪು ಹಿಡಿಯಬೇಕು ಅಂತಲೇ ಕೆದಕಿದೆ. ನೀನು ಒಪ್ಪಿಕೊಂಡರೆ ನನ್ನದು ಚಿಕ್ಕದಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಮೇಡಂಗೆ ಅರ್ಧ ಮಾತ್ರ ಹೇಳಿ ಕೇಳಿದೆ. "ಅದು ಕನಸಾಗಿರ್ಲಿಕ್ಕಿಲ್ಲ. ನಿದ್ದೆ-ಎಚ್ಚರದ ಮಧ್ಯೆ ಕಿವಿ ಕೇಳ್ಕೊಂಡು ಇಟ್ಕೊಂಡಿರುತ್ತೆ. ನಾಲ್ಕು ತಿಂಗಳು ಅವ್ರು ಕನಸು ಹುಡುಕ್ತಾ ಇದ್ರು, ಅದು ನೆನಪಾಗಿತ್ತು" ಅಂದರು. ಬಾಗಿಲಲ್ಲಿ ಯಾರಿದ್ದರು ಅಂತ ನಾನು ಅವರನ್ನು ಕೇಳಲಿಲ್ಲ. ನಿನ್ನನ್ನೂ ಕೇಳುವುದಿಲ್ಲ. ನೀನೂ ನೋಡಲು ಹೋಗಬೇಡ ತಾರಿಖ್. ಮೇಡಂ ಕಲಿಸಿದ್ದೆಲ್ಲ ಸಾಕು. ನೋಟ್‌ಬುಕ್ಕನ್ನು ಎತ್ತಿಡು.

ಆಪಾ


ತುಮಕೂರು
೨೪ ಜೂನ್ ೨೦೨೫

ಆಪಾ,

ನಿನ್ನ ಕಾಗದ ಬಂದ ದಿನ ಬೀರುವಿನಿಂದ ಅಮ್ಮಿಯ ಬಟನ್ ಫೋನ್ ತೆಗೆದು ಚಾರ್ಜಿಗೆ ಹಾಕಿದೆ. ಎರಡು ಕಾಲ್, ನೀನು ಬರೆದ ಹೊತ್ತಿಗೇ. ಪರದೆ ಹೊತ್ತಿಕೊಂಡಾಗ ನೀಲಿ ಬೆಳಕು. ಅಮ್ಮಿ ಆ ಹೊತ್ತಿಗೆ ನಿನ್ನನ್ನು ಏಳಿಸಲು ಫೋನ್ ಮಾಡಿದಳೋ, ಕರೆಯಲು ಮಾಡಿದಳೋ ನನಗೆ ತಿಳಿಯದು. ನಿನಗೂ ತಿಳಿಯದು. ಗೆರೆ ಎಳೆದು ಬಿಟ್ಟುಬಿಡೋಣ.

ಅಬ್ಬಾಗೆ ಹೇಳಿದೆ. ನಿನ್ನ ಫೋನಿನ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ. ಅಂಗಡಿಯಲ್ಲಿ ಹತ್ತಿ ಬಿಡಿಸುತ್ತಾ ಕೂತಿದ್ದರು, ಕೈ ನಿಲ್ಲಲಿಲ್ಲ. ಕೊನೆಗೆ ನನ್ನ ಮುಖ ನೋಡದೆ, "ಕಲಿಮಾ ಅವ್ಳೇ ಹೇಳ್ಕೊಂಡಿರ್ತಾಳೆ. ನಿನಗೆ ಕೇಳಿಸಲೇಬೇಕು ಅಂತ ಏನಿದೆ?" ಅಂದರು. ಅಂದವರು ಎದ್ದು ಹೋದರು. ಅವತ್ತಿನಿಂದ ಮಸೀದಿಯ ಮೆಟ್ಟಿಲ ಮೇಲೆ ಕೂರುವುದಿಲ್ಲ, ನಮಾಜ್ ಮುಗಿದ ಕೂಡಲೇ ಮನೆಗೆ ಬರುತ್ತಾರೆ. ಅಮ್ಮಿಯ ಹೆಸರು ಅವರ ಬಾಯಲ್ಲಿ ಮತ್ತೆ ನಿಂತುಹೋಗಿದೆ. ನಿಜ ಹೇಳಿದ್ದರಿಂದ ಹಾಗಾಯಿತು. ಇದನ್ನು ನಾನು ಹೊತ್ತುಕೊಳ್ಳಬೇಕು.

ನೋಟ್‌ಬುಕ್ಕನ್ನು ಎತ್ತಿಟ್ಟೆ. ಪ್ರಯೋಜನವಿಲ್ಲ ಆಪಾ. ಕಲಿತದ್ದನ್ನು ಮರೆಯಲು ಯಾವ ಮೇಡಂ ಹೇಳಿಕೊಡುತ್ತಾರೆ? ಈಗ ಅಲ್ಲಾಡಿದರೂ, ಕಣ್ಣು ಬಿಟ್ಟರೂ, ಎದ್ದು ಮುಖ ತೊಳೆದರೂ ಕನಸು ಹೋಗುವುದಿಲ್ಲ. ಅದೂ ಅಲ್ಲದೆ ಅದು ಬೆಳೆಯುತ್ತಿದೆ. ಮಾತು ಮುಗಿದ ಮೇಲೂ ಅಮ್ಮಿ ಕೂತೇ ಇರುತ್ತಾಳೆ. ಅಜಾನ್ ಆಗುತ್ತದೆ, ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುತ್ತಾಳೆ. ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ. ನಿನ್ನೆಗೆ ಹಾಲಿನವನ ಬೈಕಿನ ಸದ್ದಿನವರೆಗೆ ಬಂತು. ನಮ್ಮ ಹಾಲಿನವನು ಬರುವುದು ಐದೂ ಮುಕ್ಕಾಲಿಗೆ. ಇನ್ನು ಉಳಿದಿರುವುದು ಮೂವತ್ತೈದು ನಿಮಿಷ.

ಹೆದರಿಕೆಯಾಗುತ್ತದೆ. ಆದರೂ ಮಹೀನ್ ಕರೆದರೆ ಆ ಕೋಣೆ ಬಿಟ್ಟು ಹೋಗಲು ಆಗುವುದಿಲ್ಲ. ಅಷ್ಟು ಹೊತ್ತು ಅವಳು ಒಬ್ಬಳೇ ಕೂತಿರಬೇಕಲ್ಲ.

ತಾರಿಖ್


ಕುಣಿಗಲ್
೨ ಜುಲೈ ೨೦೨೫

ಪ್ರೀತಿಯ ತಾರಿಖ್,

ನಿನ್ನ ಕಾಗದ ಓದಿ ಶನಿವಾರ ಅಲ್ಲಿಗೆ ಬಂದಿದ್ದ ನನ್ನನ್ನು ಸೋಮವಾರ ಬೆಳಿಗ್ಗೆ ನೀನೇ ಬಸ್ ಸ್ಟ್ಯಾಂಡಿಗೆ ತಂದು ಬಿಟ್ಟೆ. ಮುಖ ತೊಳೆದ ಹಾಗೆ ತಿಳಿಯಾಗಿತ್ತು ನಿನ್ನ ಮುಖ. "ಆಪಾ, ಎರಡು ದಿನದಿಂದ ಕನಸೇನೂ ಬಿದ್ದಿಲ್ಲ. ನೀನ್ ಬಂದಿದ್ದೇ ಒಳ್ಳೇದಾಯ್ತು" ಅಂದೆ. ನನಗೆ ಆಗ ಹೇಳಲು ಬಾಯಿ ಬರಲಿಲ್ಲ. ಇನ್ನು ಮುಂದೆ ನಮ್ಮಿಬ್ಬರ ಮಧ್ಯೆ ಬಚ್ಚಿಡುವುದು ಬೇಡ ಅಂದುಕೊಂಡಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮಿಯ ಮಂಚದ ಮೇಲೆ ನನಗೆ ನಿದ್ದೆ ಬರಲಿಲ್ಲ, ಎರಡು ದಿನವೂ. ಭಾನುವಾರ ಅಜಾನ್ ಆಯಿತು. ಹಾಲಿನವನು ಬಂದು ಹೋದ. ಕಿಟಕಿ ಬೆಳ್ಳಗಾಗುತ್ತಿತ್ತು, ನಿನ್ನ ಮುಖ ಕಾಣುವಷ್ಟು ಬೆಳಕಿತ್ತು. ನೀನು ಗಾಢವಾಗಿ ನಿದ್ದೆ ಮಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ, ಹಗಲು ಮಾತಾಡುವಷ್ಟೇ ಸ್ಪಷ್ಟವಾಗಿ, "ಪಾನಿ ಹೋನಾ ಕ್ಯಾ ಅಮ್ಮೀ?" ಅಂದೆ. ನೀರು ಬೇಕಾ ಅಂತ ಕೇಳಿದೆ.

ನೀನು ತಲೆಯನ್ನು ದಿಂಬಿನಿಂದ ಸ್ವಲ್ಪ ಎತ್ತಿದೆ. ಕಣ್ಣು ಮುಚ್ಚೇ ಇತ್ತು. ಯಾರೋ ಹೇಳುತ್ತಿರುವುದನ್ನು ಕೇಳುವವನ ಹಾಗೆ ಬಹಳ ಹೊತ್ತು ಹಾಗೇ ಇದ್ದೆ. ಒಂದು ಸಲ ನಕ್ಕೆ. ಆಮೇಲೆ "ಹೂಂ" ಅಂದೆ. ಹೂಂ ಅಂದವನು ಗೋಡೆಯ ಕಡೆಗೆ ಸರಿದು ಹಾಸಿಗೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟೆ.

ನಾನು ಎಬ್ಬಿಸಲು ಕೈ ಚಾಚಿದೆ, ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಂಚದಿಂದ ಇಳಿದೆ. ಆ ಜಾಗದಲ್ಲಿ ನಾನು ಕೂತೆ, ಅಬ್ಬಾ ಒಳಗೆ ಕೆಮ್ಮಿ ಏಳುವವರೆಗೆ.

ಏನು ಕೇಳಿಸಿಕೊಂಡೆ, ಯಾವುದಕ್ಕೆ ಹೂಂ ಅಂದೆ, ಎಂದಾದರೂ ನೆನಪಾದರೆ ಬರೆ. ಆಗದಿದ್ದರೆ ಹುಡುಕಬೇಡ. ಹಾಸಿಗೆ ಅಲ್ಲಿ ಬೆಚ್ಚಗಿತ್ತು. ನಿನ್ನ ಮೈಯ ಕಾವೇ ಇರಬೇಕು.

ಆಪಾ